ಲೆಕಾಕನ ಇಟಲಿವಾಸವೂ ಎರಡು ಬಗೆಯ ಮುಖವಾಡಗಳೂ

ಫ್ರಾನ್ಸ್ ದೇಶದ ಮೂಕಾಭಿನಯಾಚಾರ್ಯನಾದ ಝಾಕ್ ಲೆಕಾಕನು (1921–1999) ಪ್ಯಾರಿಸ್ ನಗರದಲ್ಲಿ 1956ರಲ್ಲಿ ತೆರೆದ ಶಾಲೆಯಿಂದ ಪ್ರಸಿದ್ಧನಾದವನು. ಆದರೆ ಆತನ ಶಿಕ್ಷಣಕ್ರಮವು ರೂಪುಗೊಂಡುದು ಸ್ವದೇಶದಲ್ಲಲ್ಲ, ಇಟಲಿಯಲ್ಲಿ. ಮೊದಲು ವ್ಯಾಯಾಮಶಿಕ್ಷಕನಾಗಿದ್ದು, 1945ರಲ್ಲಿ ಗ್ರೆನೋಬ್ಲಿನಲ್ಲಿ ಝಾನ್ ದಾಸ್ತೆಯ ನಾಟಕಮಂಡಲಿಯನ್ನು ಸೇರಿ ಮುಖವಾಡದ ಅಭಿನಯವನ್ನು ಅರಿತ ಈತನು, 1948ರಲ್ಲಿ ಮೂರು ತಿಂಗಳಿಗೆಂದು ಪಾದುವಾ ವಿಶ್ವವಿದ್ಯಾನಿಲಯದ ರಂಗಮಂಡಲಿಗೆ ಹೋದವನು ಎಂಟು ವರ್ಷ ಆ ದೇಶದಲ್ಲಿಯೇ ನಿಂತನು. ಕಲಿಸಹೋದವನು ಅಲ್ಲಿ ಕಲಿತುದೇನೆಂಬುದು ಪ್ರಕೃತ ವಿಚಾರ.

ಪಾದುವಾದಲ್ಲಿ ಆತನಿಗೆ ದೊರೆತ ಮುಖ್ಯ ಸಹಾಯಕನು ಅಮ್ಲೇತೊ ಸರ್ತೋರಿಯೆಂಬ ಶಿಲ್ಪಿ. ದಾಸ್ತೆಯಿಂದ ಬಂದ ಗಂಭೀರಮುಖವಾಡವನ್ನು ಇವರಿಬ್ಬರೂ ತಿದ್ದಿ ತೀಡಿ, ಹರ್ಷಶೋಕಾದಿ ಯಾವ ವಿಕಾರವೂ ತೋರದ ತೊಗಲಿನ ಮುಖವಾಡವೊಂದನ್ನು ಸಿದ್ಧಪಡಿಸಿದರು. ಅದು ಮುಖಕ್ಕೆ ಅಂಟಿಕೊಳ್ಳಬಾರದು, ನಡುವೆ ಎಡೆಯಿರಬೇಕು. ಅದನ್ನು ಧರಿಸಿದವನಿಗೆ ಕಣ್ಣು, ಹುಬ್ಬು, ತುಟಿಗಳ ಉಪಾಂಗಾಭಿನಯವು ಇಲ್ಲವಾಗಿ ಇಡಿಯ ದೇಹವೇ ಮುಖವಾಗಬೇಕಾಗುತ್ತದೆ. ಅವನು ಲೋಕದಲ್ಲಿ ಆಗತಾನೆ ಎಚ್ಚತ್ತವನಂತೆ ಏಳುವನು. ಕಡಲಿನಿಂದ ಹೊರಟು ಕಾಡು, ಬೆಟ್ಟ, ಹೊಳೆಗಳನ್ನು ದಾಟುವನು. ನೀರು, ಬೆಂಕಿ, ಗಾಳಿ, ಮಣ್ಣುಗಳಲ್ಲಿ ತನ್ಮಯನಾಗುವನು. (ನಮ್ಮ ಪಂಚಭೂತಗಳಲ್ಲಿ ಆಕಾಶವೊಂದು ಇಲ್ಲಿ ಬಿಟ್ಟುಹೋಗಿದೆ.) ಮೂಲದ ಹೆಸರನ್ನು ‘ತಟಸ್ಥ ಮುಖವಾಡ’ವೆಂದು ಕನ್ನಡಿಸಬಹುದು. ಆದರೆ ತಟಸ್ಥನೆಂದರೆ ದಡದಲ್ಲಿ ನಿಂತವನು. ಲೆಕಾಕನ ಶಿಷ್ಯನಾದರೋ ಹೊಳೆಗೆ ಇಳಿಯಲೇಬೇಕಾದವನು. ಆದುದರಿಂದ ‘ಸಮಮುಖ’ವೆಂಬ ಹೆಸರು ಇದಕ್ಕೆ ಹೆಚ್ಚು ಒಪ್ಪೀತು.

ಈ ಸಾಧನವು ಆಲಂಕಾರಿಕರಿಗೆ ತೀರ ಅಪರಿಚಿತವಲ್ಲ. ರಸಾನುಭವದ ವಿಘ್ನಗಳನ್ನು ವಿವೇಚಿಸುವಾಗ ಅಭಿನವಗುಪ್ತನು, ಕಿರೀಟ ಪ್ರತಿಶೀರ್ಷಕಾದಿಗಳು ನಟನ ಸ್ವರೂಪವನ್ನು ಮರೆಮಾಡಿ ದೇಶಕಾಲವಿಶೇಷಗಳ ಅಂಟನ್ನು ಕಳೆಯುವುವೆಂದು ತಿಳಿಸಿರುವನು. ಆದರೆ ಆ ಸಾಧಾರಣೀಕರಣವು ಸಿದ್ಧಿಸುವುದು ಸಹೃದಯನ ಹೃದಯದಲ್ಲಿ. ಲೆಕಾಕನು ಅದನ್ನು ನಟನ ಶರೀರದಲ್ಲಿಯೇ ಬಯಸುತ್ತಾನೆ. ಇಲ್ಲಿಯೇ ಸಂದೇಹಕ್ಕೆ ಎಡೆ. ಶರೀರಕ್ಕೆ ದೇಶವಿಲ್ಲವೆ? ನಾಟ್ಯಶಾಸ್ತ್ರವು ಆವಂತೀ, ದಾಕ್ಷಿಣಾತ್ಯಾ, ಪಾಂಚಾಲೀ, ಔಡ್ರಮಾಗಧೀ ಎಂಬ ನಾಲ್ಕು ಪ್ರವೃತ್ತಿಗಳನ್ನು ಹೇಳಿ, ವೇಷ ಭಾಷೆ ಆಚಾರಗಳನ್ನು ಪ್ರದೇಶಕ್ಕೆ ಸೇರಿಸಿದೆ. ಪ್ರವೃತ್ತಿಯಿಲ್ಲದ ನಡಿಗೆಯುಂಟೆಂದು ಹೇಳಿದಲ್ಲಿ, ಯಾವುದೋ ಒಂದು ನಾಡಿನ ನಡಿಗೆಯೇ ಸರ್ವಸಾಮಾನ್ಯದ ಹೆಸರನ್ನು ಹೊತ್ತು ಬಂದಿರಬಹುದು. ಹಲವು ದೇಶಗಳ ಶಿಷ್ಯರು ಕಲೆತ ಶಾಲೆಯಲ್ಲಿ ಈ ದೋಷವು ಅಲ್ಪವಲ್ಲ. ದೂರದಿಂದ ಬಂದವನಿಗೆ ತನ್ನ ತಾಯ್ನಾಡಿನ ನಡೆಯೇ ಕುಂದಾಗಿ ಕಂಡೀತು.

ಲೆಕಾಕನಿಗೆ ಇದು ತಿಳಿಯದಿರಲಿಲ್ಲ. ಪೂರ್ಣವಾದ ಸಮತ್ವವೆಂಬುದಿಲ್ಲವೆಂದು ಆತನೇ ಒಪ್ಪಿರುವನು. ಆದರೂ ಸಮಾಧಾನವು ದೊರೆಯುವುದು ಆ ಒಪ್ಪಿಗೆಯಲ್ಲಲ್ಲ, ಮಿಲಾನಿನಲ್ಲಿ. 1951ರಲ್ಲಿ ಗ್ರಾಸ್ಸಿ ಮತ್ತು ಸ್ಟ್ರೆಹ್ಲರರೊಡನೆ ಪಿಕ್ಕೊಲೊ ತೆಯಾತ್ರೊವಿನ ಶಾಲೆಯನ್ನು ಕಟ್ಟಿದಾಗ ಆತನ ಎದುರಿಗಿದ್ದುದು ಕೊಮ್ಮೆದಿಯಾ ದೆಲ್ಲಾರ್ತೆಯೆಂಬ ಹಳೆಯ ಪ್ರಹಸನಸಂಪ್ರದಾಯ. ಅದರ ಮುಖವಾಡಗಳಿಗೆ ಊರುಂಟು: ಜಿಪುಣ ಪಾಂತಲೋನೆ ವೆನಿಸಿನವನು, ಪಂಡಿತಮ್ಮನ್ಯನಾದ ದೊತ್ತೋರೆ ಬೊಲೊನ್ಯದವನು, ಸೇವಕ ಆರ್ಲೆಕ್ಕೀನೊ ಬೆರ್ಗಮೊವಿನವನು. ನಡೆನುಡಿಗಳೂ ಅದಕ್ಕೆ ತಕ್ಕವು. ಇದು ಭರತನ ಪ್ರವೃತ್ತಿಯೇ ಸರಿ. ಊರಿಲ್ಲದ ಮುಖವನ್ನೂ ಊರುಳ್ಳ ಮುಖವನ್ನೂ ತೊಗಲಿನಲ್ಲಿ ಮೂಡಿಸಿದುದು ಸರ್ತೋರಿಯ ಒಂದೇ ಕೈ! 1953ರಲ್ಲಿ ದಾರಿಯೊ ಫೋ ಮೊದಲಾದವರ ವಿಡಂಬನನಾಟಕಕ್ಕೆ ಚಲನೆಯನ್ನು ಅಳವಡಿಸಿದುದರಿಂದಲೂ, ಸಿರಾಕ್ಯೂಸಿನ ಪ್ರಾಚೀನ ಗ್ರೀಕ್ ರಂಗದಲ್ಲಿ ಮೇಳವನ್ನು ನಡೆಯಿಸಿದುದರಿಂದಲೂ, ಆಂಗಿಕವು ವಾಚಿಕವನ್ನು ತೊರೆದು ಬಹುಕಾಲ ಬಾಳಲಾರದೆಂಬುದು ಆತನಿಗೆ ದೃಢವಾದಂತೆ ತೋರುತ್ತದೆ.

ಪ್ಯಾರಿಸಿನ ಶಾಲೆಯ ಪಾಠಗಳ ಆನುಪೂರ್ವಿಯನ್ನು ಈ ಹಿನ್ನೆಲೆಯಲ್ಲಿ ನೋಡತಕ್ಕದ್ದು. ಸಮಮುಖವು ಮೊದಲ ವರ್ಷದ ಪಾಠ; ಗ್ರೀಕ್ ರುದ್ರನಾಟಕ, ಕೊಮ್ಮೆದಿಯಾ, ವಿದೂಷಕ ಇವು ಎರಡನೆಯ ವರ್ಷದವು. ವಿದೂಷಕನ ಮುಖವಾಡವೆಂದರೆ ಒಂದು ಕೆಂಪು ಮೂಗು ಮಾತ್ರ. ಮೊದಲು ಅಳಿಸಬೇಕಾಗಿದ್ದ ಸ್ವಂತ ನಡಿಗೆಯ ಸೊಟ್ಟವೇ ಇಲ್ಲಿ ಹಾಸ್ಯದ ಬಂಡವಾಳವಾಗಿ ಹಿಂದಿರುಗುತ್ತದೆ. ಆದಿಯ ಪಾಠವನ್ನೇ ಸಿದ್ಧಾಂತವೆಂದು ಹಿಡಿದವರು ಈ ಮೂಗನ್ನು ಮರೆತಿರುವರು. ಆತನಲ್ಲಿ ಅಭ್ಯಾಸಮಾಡಿದ ಆರಿಯಾನ್ ಮ್ನೂಷ್ಕಿನ್ 1981ರಿಂದ ಶೇಕ್ಸ್‌ಪಿಯರನ ನಾಟಕಗಳನ್ನು ಜಪಾನ್ ಮತ್ತು ಭಾರತಗಳ ರಂಗರೀತಿಗಳನ್ನು ಬಳಸಿ ಆಡಿಸಿದಳು. ಅಲ್ಲಿ ಪ್ರವೃತ್ತಿಯು ಬಲವಾಗಿಯೇ ಇದೆ, ಆದರೆ ಅದು ನಟರ ಸ್ವಂತ ನಾಡಿನದಲ್ಲ. ಅದರ ವಿವೇಚನೆಯು ಬೇರೆಯ ಲೇಖನಕ್ಕೆ ಸಲ್ಲತಕ್ಕದ್ದು.