ಇಂಗುಗುಂಡಿ ಅರ್ಧ ಪಾಠ

ದೆಹಲಿಯ ಮುನಿರ್ಕಾ ಗ್ರಾಮದಲ್ಲಿ ಬಿದ್ದ ಮಳೆಗೆ ಮಣ್ಣು ಸಿಗುವುದು ಕಷ್ಟ. ಒತ್ತೊತ್ತಾಗಿ ನಿಂತ ಮಹಡಿ ಮನೆಗಳ ತಾರಸಿಯಿಂದ ಇಳಿದು, ಸಿಮೆಂಟಿನ ಗಲ್ಲಿಯಲ್ಲಿ ಹರಿದು, ಅದು ಸೀದಾ ಚರಂಡಿಗೆ ಸೇರುತ್ತದೆ. ಹಿಂದೆ ಇಲ್ಲಿ ಹೊಲ ಉಳುತ್ತಿದ್ದ ಮನೆತನಗಳು ಇಂದು ಬಾಡಿಗೆಮನೆಗಳ ಮಾಲೀಕರು. ಈ ಭೂಮಾಲೀಕರಿಗೆ ನೀರಿನ ಬಗ್ಗೆ ನಾವು ಏನು ಕಲಿಸಿದ್ದೇವೆ?

2001ರಲ್ಲಿ ದೆಹಲಿಯಲ್ಲಿ 100 ಚದರ ಮೀಟರ್ ದಾಟಿದ ತಾರಸಿಯ ಹೊಸ ಕಟ್ಟಡಗಳಿಗೆ ಮಳೆನೀರು ಕೊಯ್ಲು ಕಡ್ಡಾಯವಾಯಿತು. ನಿಯಮ ಒಳ್ಳೆಯದೇ. ಆದರೆ ಅದು ಕಲಿಸಿದ್ದು ಇಂಗುಗುಂಡಿ ತೋಡುವುದನ್ನು ಮಾತ್ರ. ಆ ಗುಂಡಿಗೆ ಎಂಥ ನೀರು ಇಳಿಯಬೇಕು ಎಂಬ ಪಾಠ ಹಿಂದೆಯೇ ಉಳಿಯಿತು. ಇದರ ಫಲ ದೆಹಲಿಯದೇ ದ್ವಾರಕಾ ಬಡಾವಣೆಯಲ್ಲಿ ಕಂಡಿತು: ವಸತಿ ಸಮುಚ್ಚಯಗಳ ಇಂಗುಗುಂಡಿಗಳ ನೀರಿನಲ್ಲಿ ಮಲದ ಬ್ಯಾಕ್ಟೀರಿಯಾ ಪತ್ತೆಯಾಗಿ, ವಿಷಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮೆಟ್ಟಿಲೇರಿತು. ಚರಂಡಿ ಉಕ್ಕಿ ಗುಂಡಿಗೆ ಇಳಿದರೆ, ಅಂತರ್ಜಲ ತುಂಬಬೇಕಾದ ದಾರಿಯೇ ಅದನ್ನು ಕೆಡಿಸುವ ದಾರಿಯಾಗುತ್ತದೆ. ಮೇಲಿನ ಹೊಳೆ ಕೆಟ್ಟರೆ ಕಣ್ಣಿಗೆ ಕಾಣುತ್ತದೆ. ಕೆಳಗಿನ ನೀರು ಕೆಟ್ಟರೆ ಕಾಣದು, ಬೇಗ ತಿಳಿಯಾಗುವುದೂ ಇಲ್ಲ.

ಪಾಠ ಹೇಗಿರಬೇಕೆಂಬುದಕ್ಕೆ ಮಾದರಿ ಮುನಿರ್ಕಾದ ಪಕ್ಕದಲ್ಲೇ ಇದೆ. ಜೆಎನ್‌ಯು ಮತ್ತು ಐಐಟಿ ಆವರಣಗಳನ್ನು ಒಂದೇ ಜಲಾನಯನವೆಂದು ಎಣಿಸಿದ ಕೇಂದ್ರ ಅಂತರ್ಜಲ ಮಂಡಳಿ, ಅರಾವಳಿಯ ಕೊರಕಲುಗಳಿಗೆ ಚೆಕ್ ಡ್ಯಾಂ ಕಟ್ಟಿಸಿತು. ಅಲ್ಲಿ ಲೆಕ್ಕಕ್ಕೆ ಬಂದದ್ದು ಕಾಂಪೌಂಡ್ ಗೋಡೆಯಲ್ಲ, ನೀರಿನ ಇಳಿಜಾರು.

ಇದನ್ನೇ ಕರ್ನಾಟಕದ ರೈತರಿಗೆ ಕಲಿಸಿದ್ದು ಸುಜಲ ಯೋಜನೆ. ವಿಶ್ವಬ್ಯಾಂಕಿನ ನೆರವಿನಿಂದ 2001ರಲ್ಲಿ ಕೋಲಾರ, ಚಿತ್ರದುರ್ಗ, ತುಮಕೂರು, ಧಾರವಾಡ, ಹಾವೇರಿ ಜಿಲ್ಲೆಗಳಲ್ಲಿ ಆರಂಭವಾದ ಅದರ ಕ್ರಮ ದಿಣ್ಣೆಯಿಂದ ತಗ್ಗಿನ ಕಡೆಗೆ. ಮೇಲಿನ ಹೊಲದವನು ಬದು ಹಾಕದಿದ್ದರೆ ಕೆಳಗಿನವನ ಕೃಷಿಹೊಂಡಕ್ಕೆ ಹೂಳು ತುಂಬುತ್ತದೆ. ರೈತರು ತಾವೇ ಕೂತು ಯೋಜನೆ ರೂಪಿಸಿದರು, ಖರ್ಚಿಗೆ ವಂತಿಗೆ ಹಾಕಿದರು. ಕೈಯಿಂದ ದುಡ್ಡು ಹಾಕಿದವನು ಕಟ್ಟಿದ್ದನ್ನು ಕಾಯುತ್ತಾನೆ. ಆ ಯೋಜನೆಯ ನಿಜವಾದ ಶಕ್ತಿ ನನ್ನ ಮಟ್ಟಿಗೆ ಇದೇ.

ಮುನಿರ್ಕಾಕ್ಕೂ ಇಂಥ ಪಾಠ ಬೇಕು. ತಾರಸಿ ಗುಡಿಸುವುದು, ಮೊದಲ ಮಳೆಯ ಕೊಳೆನೀರನ್ನು ಹೊರಬಿಡುವುದು, ಚರಂಡಿಗೂ ಗುಂಡಿಗೂ ಸಂಬಂಧವಿಲ್ಲದಂತೆ ನೋಡಿಕೊಳ್ಳುವುದು, ಮಳೆಗಾಲಕ್ಕೆ ಮುಂಚೆ ಗುಂಡಿಯಲ್ಲಿ ನೀರು ಸೋಸುವ ಮರಳು–ಜಲ್ಲಿ ತೊಳೆಯುವುದು: ಇವನ್ನು ಗಲ್ಲಿಯ ಮಾಲೀಕರೆಲ್ಲ ಒಟ್ಟಾಗಿ ಕಲಿಯಬೇಕು. ಏಕೆಂದರೆ ಅಂಗಳ ಅವರವರದು, ಅಂಗಳದಡಿಯ ನೀರು ಎಲ್ಲರದು.