ಜೋಡಣೆಯ ವಾಹನಗಳು: ಕಲಿಸುವುದೆಷ್ಟು, ಮುಚ್ಚಿಡುವುದೆಷ್ಟು?

ಶಿರಸಿಯಿಂದ ಕುಮಟೆಗೆ ಹೋಗುವ ಬಸ್ಸು ದೇವಿಮನೆ ಘಟ್ಟದ ತಿರುವಿನಲ್ಲಿ ಹೊರಳುವಾಗ ಅದರ ಹಿಂದಿನ ಎಡ ಮತ್ತು ಬಲ ಚಕ್ರಗಳು ಒಂದೇ ವೇಗದಲ್ಲಿ ತಿರುಗುತ್ತವೆಯೆ? ಈ ಪ್ರಶ್ನೆಯನ್ನು ನಿಮ್ಮ ತರಗತಿಯಲ್ಲಿ ಕೇಳಿ ನೋಡಿ. ಚಕ್ರಗಳ ನಡುವಿನ ಅಂತರ 2 ಮೀಟರ್ ಎಂದಿಟ್ಟುಕೊಳ್ಳೋಣ. ಬಸ್ಸು ಅರ್ಧವೃತ್ತ ಹೊರಳಿದರೆ ಹೊರಗಿನ ಚಕ್ರ ಒಳಗಿನದಕ್ಕಿಂತ 3.14 × 2, ಅಂದರೆ ಸುಮಾರು 6.3 ಮೀಟರ್ ಹೆಚ್ಚು ದೂರ ಕ್ರಮಿಸಬೇಕು. ಎರಡೂ ಚಕ್ರಗಳು ಒಂದೇ ಅಚ್ಚಿಗೆ ಬಿಗಿಯಾಗಿ ಕೂತಿದ್ದರೆ ಒಂದಾದರೂ ರಸ್ತೆಯ ಮೇಲೆ ಜಾರಲೇಬೇಕು. ಹಾಗಾಗದಂತೆ ನೋಡಿಕೊಳ್ಳುವುದು ಡಿಫರೆನ್ಶಿಯಲ್ ಎಂಬ ಗಿಯರುಗಳ ಗುಂಪು. ಇದನ್ನು ಕಪ್ಪುಹಲಗೆಯ ಮೇಲೆ ಎಷ್ಟೋ ವರ್ಷ ಬರೆದಿದ್ದೇನೆ. ಚಿತ್ರ ನೋಡಿ ಅರ್ಥಮಾಡಿಕೊಂಡ ವಿದ್ಯಾರ್ಥಿಗಳು ವಿರಳ.

ಕಳೆದ ಬೇಸಿಗೆ ರಜೆಯಲ್ಲಿ ನಮ್ಮೂರು ಮತ್ತಿಘಟ್ಟದ ಮನೆಯ ಜಗುಲಿಯಲ್ಲಿ ಹನ್ನೆರಡು ವರ್ಷದ ಹುಡುಗಿಯೊಬ್ಬಳು ಇದನ್ನು ಎರಡೇ ನಿಮಿಷದಲ್ಲಿ ಗ್ರಹಿಸಿದಳು. ಬೆಂಗಳೂರಿನಿಂದ ಬಂದಿದ್ದ ನನ್ನ ತಮ್ಮನ ಮಗಳು ಲೆಗೊ ಟೆಕ್ನಿಕ್ ಪೆಟ್ಟಿಗೆಯೊಂದನ್ನು ತಂದಿದ್ದಳು. ಅರ್ಧ ಜೋಡಿಸಿದ ಕಾರಿನ ಒಂದು ಚಕ್ರವನ್ನು ಬೆರಳಿನಿಂದ ತಡೆದು ನಡುವಿನ ಭಾಗವನ್ನು ತಿರುಗಿಸಿದಾಗ ಇನ್ನೊಂದು ಚಕ್ರ ಎರಡರಷ್ಟು ವೇಗದಲ್ಲಿ ತಿರುಗಿತು. ಎರಡೂ ಚಕ್ರಗಳ ವೇಗಗಳ ಮೊತ್ತ ನಡುವಿನ ಭಾಗದ ವೇಗದ ಇಮ್ಮಡಿ ಎಂಬ ಸೂತ್ರ ಅವಳ ಬೆರಳ ತುದಿಯಲ್ಲೇ ಇತ್ತು. ಹಾಗಾದರೆ ಇಂತಹ ಆಟಿಕೆಗಳನ್ನು ಶಾಲೆಗಳಿಗೆ ಕಣ್ಣುಮುಚ್ಚಿ ಕೊಳ್ಳಬಹುದೆ? ಅದಕ್ಕೆ ಮುನ್ನ ತುಸು ಪರೀಕ್ಷಿಸೋಣ.

ಎಂಟರ ಲೆಕ್ಕ

ಡೆನ್ಮಾರ್ಕಿನ ಬಿಲ್ಲುಂಡ್ ಊರಿನ ಲೆಗೊ ಇಟ್ಟಿಗೆ ಈಗಿನ ರೂಪದಲ್ಲಿ ಪೇಟೆಂಟಿಗೆ ಸಲ್ಲಿಕೆಯಾದದ್ದು 1958ರಲ್ಲಿ. ಗಿಯರು, ಅಕ್ಷದಂಡಗಳಿರುವ ತಾಂತ್ರಿಕ ಮಾದರಿಗಳು ಬಂದದ್ದು 1977ರಲ್ಲಿ. ಇವುಗಳ ಪಟ್ಟಿಗಳಲ್ಲಿ ತೂತಿನಿಂದ ತೂತಿಗೆ ಅಂತರ 8 ಮಿಲಿಮೀಟರ್. ಗಿಯರುಗಳ ವ್ಯಾಸವನ್ನು ಹಲ್ಲುಗಳ ಸಂಖ್ಯೆಯಿಂದ ಭಾಗಿಸಿದರೆ 1 ಮಿಲಿಮೀಟರ್ ಬರುತ್ತದೆ (ಇಲ್ಲಿ ವ್ಯಾಸವೆಂದರೆ ಹಲ್ಲುಗಳು ಪರಸ್ಪರ ತಾಗುವ ಕಾಲ್ಪನಿಕ ವೃತ್ತದ್ದು). 8 ಮತ್ತು 24 ಹಲ್ಲುಗಳ ಗಿಯರುಗಳನ್ನು ಕೂಡಿಸಬೇಕಾದರೆ ಅವುಗಳ ಕೇಂದ್ರಗಳ ನಡುವೆ 32ರ ಅರ್ಧ, ಅಂದರೆ 16 ಮಿಲಿಮೀಟರ್ ಬೇಕು. ಅದು ಸರಿಯಾಗಿ ಎರಡು ತೂತುಗಳ ದೂರ. 8 ಮತ್ತು 40ಕ್ಕೆ 24 ಮಿಲಿಮೀಟರ್, ಮೂರು ತೂತುಗಳ ದೂರ.

ಹುಡುಗಿ ಕೈಪಿಡಿಯನ್ನು ಬದಿಗಿಟ್ಟು 8 ಮತ್ತು 16 ಹಲ್ಲುಗಳ ಗಿಯರುಗಳನ್ನು ಒಂದೇ ಪಟ್ಟಿಯಲ್ಲಿ ಕೂರಿಸಲು ನೋಡಿದಳು. ಒಮ್ಮೆ ಹಲ್ಲುಗಳು ತಾಗವು, ಮತ್ತೊಮ್ಮೆ ಒಂದರ ಮೇಲೊಂದು ಏರುತ್ತವೆ. "ದೊಡ್ಡಪ್ಪಾ, ಇದರ ಹಲ್ಲು ಕೂಡ್ತಿಲ್ಲೆ" ಎಂದಳು. ನಾನು ಕಾಗದ ಪೆನ್ಸಿಲ್ ಕೊಟ್ಟೆ. 24ರ ಅರ್ಧ 12. ಅದು ಒಂದೂವರೆ ತೂತು. ಅರ್ಧ ತೂತು ಎಲ್ಲಿಂದ ತರುವುದು? ಆ ದಿನದ ಅತ್ಯುತ್ತಮ ಪಾಠ ಅದೇ. ಅದು ಕೈಪಿಡಿಯ ಯಾವ ಪುಟದಲ್ಲೂ ಇರಲಿಲ್ಲ.

ಹೊದಿಕೆ ದಪ್ಪವಾದಾಗ

ಈ ಸಾಮಗ್ರಿಯ ಒಳ್ಳೆಯ ಮಾದರಿಗಳು ಯಾವುವು? 1977ರ 853 ಸಂಖ್ಯೆಯ ಕಾರು ಮತ್ತು 1980ರ 8860 ಎಂದು ನನ್ನ ಅಭಿಪ್ರಾಯ. ಇವು ಕಾರಿನ ಅಸ್ಥಿಪಂಜರಗಳು. ಎರಡನೆಯದರಲ್ಲಿ ಚಲಿಸುವ ಪಿಸ್ಟನ್‌ಗಳು, ಗಿಯರ್‌ಬಾಕ್ಸ್, ಡಿಫರೆನ್ಶಿಯಲ್ ಎಲ್ಲವೂ ಬಯಲಿನಲ್ಲಿವೆ. ತಪ್ಪಾಗಿ ಜೋಡಿಸಿದರೆ ತಪ್ಪು ಕಣ್ಣಿಗೆ ಬೀಳುತ್ತದೆ.

ಈಗ 2016ರ ಪೋರ್ಷೆ 911 ಮಾದರಿಯನ್ನು ನೋಡಿ. 2,704 ತುಣುಕುಗಳು, ಒಳಗೆ ಜಾಣತನದ ಗಿಯರ್‌ಬಾಕ್ಸ್. ಆದರೆ ಹೊಳೆಯುವ ಹೊದಿಕೆಯ ಕೆಳಗೆ ಅದು ಹೂತುಹೋಗಿದೆ. ಕೈಪಿಡಿಯಂತೆಯೇ ಜೋಡಿಸಿದಾಗ ವೇಗದ ಹಂತಗಳು 1, 3, 2, 4 ಎಂಬ ಕ್ರಮದಲ್ಲಿ ಬರುತ್ತಿದ್ದವು. ಚಕ್ರ ತಿರುಗಿಸಿ ಪಿಸ್ಟನ್‌ಗಳ ಚಲನೆಯನ್ನು ಎಣಿಸಿದ ಹವ್ಯಾಸಿಗಳು ಇದನ್ನು ಪತ್ತೆಹಚ್ಚಿದರು. ಜೋಡಿಸಿ ನೇರ ಗಾಜಿನ ಕಪಾಟಿಗೆ ಸೇರಿಸಿದವರಿಗೆ ಇದು ತಿಳಿಯುವ ಅವಕಾಶವೇ ಇಲ್ಲ. ಸಂಗ್ರಹಕ್ಕೂ ಕಲಿಕೆಗೂ ಇರುವ ಅಂತರಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ನನಗೆ ಸಿಕ್ಕಿಲ್ಲ.

2019ರ ಲೀಬೆರ್ ಅಗೆಯುವ ಯಂತ್ರದ ಮಾದರಿಯಲ್ಲಿ 4,108 ತುಣುಕುಗಳೂ 7 ಮೋಟಾರುಗಳೂ ಇವೆ. ಅವನ್ನು ನಡೆಸುವುದು ಮೊಬೈಲ್ ತಂತ್ರಾಂಶ. ಮೊಬೈಲ್ ಇಲ್ಲದೆ ಯಂತ್ರದ ತೋಳು ಏಳದು. ಸನ್ನೆಗೋಲನ್ನು ಕೈಯಿಂದ ಎತ್ತಿದಾಗ ಸಿಗುವ ಭಾರದ ಅನುಭವ ಇಲ್ಲಿ ಗಾಜಿನ ಮೇಲಿನ ಸ್ಪರ್ಶವಾಗಿಬಿಟ್ಟಿದೆ.

ಪ್ರದರ್ಶನದ ವಸ್ತುವಿನಿಂದಲೂ ಲೆಕ್ಕ ಕಲಿಯಬಹುದು ಎಂಬುದನ್ನು ಒಪ್ಪುತ್ತೇನೆ. 2018ರಲ್ಲಿ ಇದೇ ಕಂಪನಿ ಹತ್ತು ಲಕ್ಷಕ್ಕೂ ಹೆಚ್ಚು ತುಣುಕುಗಳಿಂದ ಜನ ಕೂತು ಓಡಿಸಬಹುದಾದ ಬುಗಾಟಿ ಕಾರನ್ನು ಕಟ್ಟಿಸಿತು. ತೂಕ 1,500 ಕಿಲೋಗ್ರಾಂ, ಪುಟ್ಟ ಮೋಟಾರುಗಳು 2,304, ಒಟ್ಟು ಸಾಮರ್ಥ್ಯ 5.3 ಅಶ್ವಶಕ್ತಿ. ಒಂದು ಅಶ್ವಶಕ್ತಿಗೆ 746 ವಾಟ್ ಎಂದು ಹಿಡಿದು ಭಾಗಿಸಿ ನೋಡಿ: ಮೋಟಾರೊಂದರ ಪಾಲು ಸುಮಾರು 1.7 ವಾಟ್. ಇಷ್ಟು ಮೋಟಾರುಗಳು ಏಕೆ ಬೇಕಾದವು ಎಂಬುದಕ್ಕೆ ಉತ್ತರ ಅಲ್ಲೇ ಇದೆ.

ಚಪ್ಪಲಿ ಗಾಲಿಯ ಕಾರು

ಅದೇ ದಿನಗಳಲ್ಲಿ ಕೇರಿಯ ಹುಡುಗರು ತಮ್ಮ ಕಾರನ್ನು ತಂದರು. ಹಳೆಯ ಹವಾಯಿ ಚಪ್ಪಲಿಯನ್ನು ಗುಂಡಗೆ ಕತ್ತರಿಸಿದ ಗಾಲಿಗಳು, ಬಿದಿರುಕಡ್ಡಿಯ ಅಚ್ಚು, ಅಡಿಕೆ ಹಾಳೆಯ ಮೈ. ಗಿಯರಿಲ್ಲ, ಡಿಫರೆನ್ಶಿಯಲ್ ಇಲ್ಲ. ಅಂಗಳದ ತಿರುವಿನಲ್ಲಿ ಅದು ಜಾರಿಕೊಂಡೇ ಹೊರಳುತ್ತಿತ್ತು. ಆದರೆ ತೂತು ಬಿಗಿಯಾದರೆ ಗಾಲಿ ತಿರುಗದು, ಸಡಿಲವಾದರೆ ಓಲಾಡುತ್ತದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತು. ಕಾರ್ಖಾನೆಯ ತುಣುಕು ಈ ಪ್ರಶ್ನೆಯನ್ನು ಮಗುವಿಗೆ ಬಿಟ್ಟುಕೊಡುವುದೇ ಇಲ್ಲ. ಎಲ್ಲವೂ ಮೊದಲೇ ಹದವಾಗಿ ಕೂರುತ್ತವೆ. ಲೆಗೊ ವಾಹನದ ಬಗ್ಗೆ ನನ್ನ ಮುಖ್ಯ ಆಕ್ಷೇಪ ಇದು. ಚಪ್ಪಲಿ ಕಾರಿನ ಬಗ್ಗೆಯೂ ನನಗೆ ಭ್ರಮೆಯಿಲ್ಲ. ಅದರಿಂದ ಗಿಯರುಗಳ ಅನುಪಾತ ಕಲಿಯಲಾಗದು.

ದುಬಾರಿ ಪೆಟ್ಟಿಗೆಯೇ ಬೇಕೆಂದೇನೂ ಇಲ್ಲ. 1978ರಲ್ಲಿ ಹೋಷಂಗಾಬಾದಿನ ವಿಜ್ಞಾನ ಬೋಧನಾ ಕಾರ್ಯಕ್ರಮಕ್ಕೆ ಹೋದ ಎಂಜಿನಿಯರ್ ಅರವಿಂದ ಗುಪ್ತ ಅವರು ಸೈಕಲ್ ವಾಲ್ವ್ ಟ್ಯೂಬ್ ಮತ್ತು ಬೆಂಕಿಕಡ್ಡಿಗಳಿಂದಲೇ ಜೋಡಣೆಯ ಆಟಿಕೆ ರೂಪಿಸಿದರು. ಚೌಕ ಬಾಗುತ್ತದೆ, ತ್ರಿಕೋನ ಬಾಗದು ಎಂಬುದನ್ನು ಅದು ಒಂದೇ ಕ್ಷಣದಲ್ಲಿ ತೋರಿಸುತ್ತದೆ. ಇನ್ನು ಅಂಗಡಿಯ ಆಟಿಕೆಯ ಸಾಧ್ಯತೆಯನ್ನೂ ಕಡೆಗಣಿಸಬೇಡಿ. 1934ರಲ್ಲಿ ಮ್ಯಾಂಚೆಸ್ಟರಿನಲ್ಲಿ ಡಗ್ಲಸ್ ಹಾರ್ಟ್ರೀ ಮತ್ತು ಅವರ ವಿದ್ಯಾರ್ಥಿ ಆರ್ಥರ್ ಪೋರ್ಟರ್ ಮೆಕ್ಯಾನೊ ತುಣುಕುಗಳಿಂದ ಕಟ್ಟಿದ ಯಂತ್ರ ಅವಕಲ ಸಮೀಕರಣಗಳನ್ನು ಬಿಡಿಸಿತು.

ಬೀಗ ತೆಗೆಯಿರಿ

ಕೆಲವು ವರ್ಷಗಳ ಹಿಂದೆ ಶಾಲೆಯೊಂದರ ವಿಜ್ಞಾನ ವಸ್ತುಪ್ರದರ್ಶನಕ್ಕೆ ತೀರ್ಪುಗಾರನಾಗಿ ಹೋಗಿದ್ದೆ. ಗಾಜಿನ ಕಪಾಟಿನಲ್ಲಿ ಜೋಡಿಸಿದ ಅಂದದ ವಾಹನಗಳಿದ್ದವು. ತೆಗೆದು ತಿರುಗಿಸಲು ಹೋದಾಗ ಕಪಾಟಿಗೆ ಬೀಗವಿತ್ತು. "ತುಣುಕು ಕಳೆದರೆ ನಾವು ಉತ್ತರ ಹೇಳಬೇಕು ಸರ್" ಎಂದರು ಅಲ್ಲಿನ ಶಿಕ್ಷಕರು. ಅವರ ಭಯ ಸುಳ್ಳಲ್ಲ. ದೊಡ್ಡ ಮಾದರಿಗಳಿಗೆ ಹತ್ತಾರು ಸಾವಿರ ರೂಪಾಯಿ ಬೆಲೆಯಿದೆ. ಆದರೆ ಮಕ್ಕಳ ಕೈಗೆ ಸಿಗದ ಗಿಯರಿನಿಂದ ಶಾಲೆಗೆ ಆಗುವ ನಷ್ಟವೂ ಕಡಿಮೆಯಲ್ಲ.

ನೀವು ಕೊಳ್ಳುವುದಾದರೆ ಕಾರಿನ ಅಂದವನ್ನು ನೋಡದೆ ಮೂರು ವಿಷಯ ಪರೀಕ್ಷಿಸಿ. ಯಂತ್ರಭಾಗ ಹೊರಗಿನಿಂದ ಕಾಣುತ್ತದೆಯೆ? ಕೈಯಿಂದ ನಡೆಸಬಹುದೆ? ಬಿಚ್ಚಿ ಬೇರೊಂದನ್ನು ಕಟ್ಟಲು ತುಣುಕುಗಳು ಒದಗುತ್ತವೆಯೆ? ಮೊದಲ ವಾರ ಕೈಪಿಡಿಯಂತೆ ಕಟ್ಟಲಿ. ಎರಡನೆಯ ವಾರ ಎಲ್ಲವನ್ನೂ ಬಿಚ್ಚಿಸಿ, ಕೈಪಿಡಿಯನ್ನು ನಿಮ್ಮ ಮೇಜಿನೊಳಗಿಟ್ಟು, ಹಿಡಿಕೆಯನ್ನು 15 ಸುತ್ತು ತಿರುಗಿಸಿದಾಗ ಚಕ್ರ ಒಂದೇ ಸುತ್ತು ತಿರುಗುವಂತೆ ಮಾಡಲು ಹೇಳಿ. 3 ಮತ್ತು 5ರ ಅನುಪಾತಗಳನ್ನು ಒಂದರ ಹಿಂದೊಂದು ಜೋಡಿಸಬೇಕೆಂದು ಯಾರಾದರೂ ಕಂಡುಕೊಳ್ಳುತ್ತಾರೆ.

ಮತ್ತಿಘಟ್ಟದಲ್ಲಿ ರಜೆ ಮುಗಿಯುವ ಹೊತ್ತಿಗೆ ಲೆಗೊ ಕಾರು ಇರಲಿಲ್ಲ. ಅದರ ಡಿಫರೆನ್ಶಿಯಲ್ ಚಪ್ಪಲಿ ಗಾಲಿಗಳ ನಡುವೆ ಕೂತಿತ್ತು. ಅಂಗಳದ ತಿರುವಿನಲ್ಲಿ ಆ ಕಾರು ಜಾರದೆ ಹೊರಳಿತು. ಒಂದೆರಡು ತುಣುಕುಗಳು ಕಳೆದುಹೋದವು, ನಿಜ.