ಅರ್ಜಿ ಹಾಕದ ಜಾಣೆ

ಐದನೇ ಕ್ಲಾಸಲ್ಲಿದ್ದಾಗ ಮೇಷ್ಟ್ರು ನಮ್ಮನ್ನೆಲ್ಲ ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇವಸ್ಥಾನಕ್ಕೆ ಕರ್ಕೊಂಡು ಹೋಗಿದ್ರು. ನಮ್ಮೂರಿಂದ ನಡೆದೇ ಹೋಗೋ ದೂರ, ಜೊತೆಗೆ ಡಬ್ಬಿಯಲ್ಲಿ ಚಿತ್ರಾನ್ನ. ಪ್ರವಾಸ ಅಂದ್ರೆ ಅಷ್ಟೇ. ಗುಡಿಗೆ ಒಂದು ಸುತ್ತು ಬಂದ ಮೇಲೆ ನಮ್ಮ ಕ್ಲಾಸಿನ ಒಬ್ಬಳು ಹುಡುಗಿ ಕೇಳಿದ್ಳು: "ಸಾ, ಈ ಕಡೆ ಗೊಂಬೆ ಮಾಡಿದೋರೂ ಆ ಕಡೆ ಮಾಡಿದೋರೂ ಬೇರೆ ಅಲ್ವಾ?" ಮೇಷ್ಟ್ರು "ಎಲ್ಲಾ ಹೊಯ್ಸಳರೇ ಮಾಡಿದ್ದು, ಲೈನಲ್ಲಿ ಬಾ" ಅಂದ್ರು. ನಾವೆಲ್ಲ ನಕ್ಕೆವು. ನಾನಂತೂ ಜೋರಾಗೇ ನಕ್ಕೆ.

ಇಂಜಿನಿಯರಿಂಗ್ ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ ಯಾವಾಗಲೋ ಆ ಗುಡಿಯ ಬಗ್ಗೆ ಓದಿದೆ. 1246ರಲ್ಲಿ ಬೊಮ್ಮಣ್ಣ ದಂಡನಾಯಕ ಕಟ್ಟಿಸಿದ್ದು. ದಕ್ಷಿಣದ ಗೋಡೆಯ ಶಿಲ್ಪಗಳು ಬೈಚೋಜನವು, ಉತ್ತರದವು ಮಲ್ಲಿತಮ್ಮನವು. ವಿದ್ವಾಂಸರು ಬರೆದಿಟ್ಟಿದ್ದನ್ನ ಹತ್ತು ವರ್ಷದ ಹುಡುಗಿ ಬರೀ ಕಣ್ಣಲ್ಲಿ ನೋಡಿ ಹೇಳಿದ್ದಳು. ಅವಳ ಪ್ರಗತಿ ಪತ್ರದಲ್ಲಿ ಆ ವರ್ಷ ಇದ್ದದ್ದು "ಗಮನ ಸಾಲದು" ಅಂತ. ಲೆಕ್ಕದಲ್ಲಿ ಉತ್ತರ ಸರಿ ಇದ್ರೂ ಅರ್ಧ ಮಾರ್ಕ್ಸು, ಯಾಕಂದ್ರೆ ಅವಳು ಸ್ಟೆಪ್ ಬರೀತಿರಲಿಲ್ಲ. ಮನೇಲಿ ತೆಂಗಿನಕಾಯಿ ಮಾರುವಾಗ ಸಾವಿರದ ಲೆಕ್ಕ, ಒಡಕಲು ಕಳೆಯೋದು, ಗಾಡಿ ಬಾಡಿಗೆ ಎಲ್ಲಾ ಬಾಯಲ್ಲೇ ಹೇಳ್ತಿದ್ದಳು. ಅದಕ್ಕೆ ಮಾರ್ಕ್ಸು ಕೊಡೋರು ಯಾರು?

ಅದೇ ವರ್ಷ ನಾನು ನವೋದಯ ಪರೀಕ್ಷೆ ಬರೆದು ಪಾಸಾಗಿ ಹೊಳೆನರಸೀಪುರ ತಾಲ್ಲೂಕಿನ ಮಾವಿನಕೆರೆಗೆ ಹೋದೆ. ಜಾಣ ಅಂತ ಊರೆಲ್ಲಾ ಹೊಗಳಿತು. ನಿಜ ಹೇಳಬೇಕಂದ್ರೆ ಹಾಸನದಲ್ಲಿದ್ದ ಸೋದರಮಾವ ಗೈಡ್ ತಂದುಕೊಟ್ಟು, ಫಾರಂ ತುಂಬಿಸಿ, ಆರು ತಿಂಗಳು ಪ್ರತಿ ಭಾನುವಾರ ಬಂದು ಹೇಳಿಕೊಟ್ಟಿದ್ದ. ಅವಳಿಗೆ ಅಂಥ ಮಾವ ಇರಲಿಲ್ಲ. ಫಾರಂ ಬಂದಿರೋದೇ ಅವಳ ಮನೆಗೆ ಗೊತ್ತಿರಲಿಲ್ಲ.

ನವೋದಯವನ್ನ ಬೈಯೋದು ನನ್ನ ಉದ್ದೇಶ ಅಲ್ಲ. ಅದರ ಅನ್ನ ತಿಂದವನು ನಾನು. 1986ರ ಶಿಕ್ಷಣ ನೀತಿ ಹಳ್ಳಿಯ ಪ್ರತಿಭಾವಂತ ಮಕ್ಕಳಿಗಾಗಿ ಅಂತಲೇ ಮಾಡಿದ ದೊಡ್ಡ ಕೆಲಸ ಅದು. ಆದ್ರೆ ಬಾಗಿಲು ಹೇಗಿದೆ ನೋಡಿ. ಎರಡು ಗಂಟೆ, 80 ಪ್ರಶ್ನೆ, ಜೀವಮಾನದಲ್ಲಿ ಒಂದೇ ಸಲ ಬರೆಯೋ ಅವಕಾಶ. ಆರನೇ ಕ್ಲಾಸಿಗೆ ಇಡೀ ಜಿಲ್ಲೆಗೆ ಹೆಚ್ಚೆಂದರೆ 80 ಸೀಟು. ಅದರಲ್ಲಿ ಕನಿಷ್ಠ 75% ಹಳ್ಳಿ ಮಕ್ಕಳಿಗೆ ಅಂತಾರೆ, ಸರಿ. ಆದ್ರೆ ಹಳ್ಳಿಯಲ್ಲಿರೋ ಮಾನ್ಯತೆ ಪಡೆದ ಕಾನ್ವೆಂಟಿನ ಮಗುವೂ ಅದೇ ಕೋಟಾದಲ್ಲೇ ಬರುತ್ತೆ. ಈಗ ತಾಲ್ಲೂಕು ಕೇಂದ್ರಗಳಲ್ಲಿ "ನವೋದಯ, ಮೊರಾರ್ಜಿ, ಸೈನಿಕ್ ಶಾಲೆ ಕೋಚಿಂಗ್" ಅನ್ನೋ ಬೋರ್ಡುಗಳು ಗೊಬ್ಬರದ ಅಂಗಡಿ ಪಕ್ಕದಲ್ಲೇ ನೇತಾಡ್ತಿವೆ. ಅಲ್ಲಿ ಫೀಸು ಕಟ್ಟಿದ ಮಗುವಿನ ಪಕ್ಕ ನಮ್ಮ ಸರ್ಕಾರಿ ಶಾಲೆಯ ಮಗು ಕೂತು ಅದೇ ಪ್ರಶ್ನೆಪತ್ರಿಕೆ ಬಿಡಿಸಬೇಕು. ಪರೀಕ್ಷೆ ತಯಾರಿಯನ್ನ ಚೆನ್ನಾಗೇ ಅಳೆಯುತ್ತೆ. ಪ್ರತಿಭೆ ಸಿಕ್ಕಿದ್ರೆ ಅದು ಬೋನಸ್ಸು.

ಹೀಗೆ ಹೇಳಿದಾಗ ಆಫೀಸಿನ ಗೆಳೆಯರು ಕೊಡೋ ಉತ್ತರ ಒಂದೇ: "ಪ್ರತಿಭೆ ಇದ್ರೆ ಹೇಗಾದ್ರೂ ಮೇಲೆ ಬರುತ್ತೆ, ಭೈರಪ್ಪನವರನ್ನ ನೋಡು." ನೋಡಿದ್ದೀನಿ ಮಾರಾಯ್ರೇ. ಅವರ ಸಂತೇಶಿವರ ಇರೋದು ನಮ್ಮ ಚನ್ನರಾಯಪಟ್ಟಣ ತಾಲ್ಲೂಕಿನಲ್ಲೇ. 'ಭಿತ್ತಿ'ಯನ್ನ ಎರಡು ಸಲ ಓದಿದ್ದೀನಿ. ಪ್ಲೇಗು ತಾಯಿಯನ್ನೂ ಒಡಹುಟ್ಟಿದವರನ್ನೂ ಕೊಂಡೊಯ್ದಿತ್ತು. ಆ ಹುಡುಗ ಸಿಕ್ಕ ಕೂಲಿ ಮಾಡಿ, ಮುಂಬೈಯಲ್ಲಿ ರೈಲ್ವೆ ಹಮಾಲಿಯೂ ಆಗಿ, ಕೊನೆಗೆ ಮೈಸೂರು ವಿಶ್ವವಿದ್ಯಾಲಯದಲ್ಲಿ ಎಂ.ಎ.ಗೆ ಚಿನ್ನದ ಪದಕ ತಗೊಂಡ. ಆದ್ರೆ ಇದನ್ನ "ಛಲ ಇದ್ರೆ ಸಾಕು" ಅಂತ ಓದೋದು ಪುಸ್ತಕವನ್ನ ತಪ್ಪಾಗಿ ಓದಿದ ಹಾಗೆ. ನನಗೆ ಅದು ಕಾಣೋದು ಆ ಕಾಲದ ವ್ಯವಸ್ಥೆಯ ಮೇಲಿನ ಒಂದು ದೂರಿನ ಥರ. ಇಷ್ಟು ಬುದ್ಧಿ ಇದ್ದ ಹುಡುಗನಿಗೇ ಇಷ್ಟು ಕಷ್ಟ ಆಯ್ತಲ್ಲ, ಅಷ್ಟೇ ಬುದ್ಧಿ ಇದ್ದು ಅರ್ಧದಷ್ಟು ಮೊಂಡುತನ ಇದ್ದವರು ಏನಾದರು? ಅವರು ಆತ್ಮಕತೆ ಬರೆಯಲ್ಲ. ನಮ್ಮ ಕೆಲಸದ ಭಾಷೆಯಲ್ಲೇ ಹೇಳೋದಾದ್ರೆ, ಸರ್ವರ್ ತಲುಪಿದ ರಿಕ್ವೆಸ್ಟ್‌ಗಳಿಗೆ ಮಾತ್ರ ಲಾಗ್ ಇರುತ್ತೆ. ಲಾಗ್ ನೋಡ್ಕೊಂಡು ನೆಟ್‌ವರ್ಕ್ ಚೆನ್ನಾಗಿದೆ ಅನ್ನೋನಿಗೆ ಏನು ಹೇಳೋದು?

ಕಾಗದದ ಮೇಲೆ ಎಲ್ಲಾ ಇದೆ. ಎಂಟನೇ ಕ್ಲಾಸಿನ ಎನ್‌ಎಂಎಂಎಸ್ ಪರೀಕ್ಷೆ ಪಾಸಾದ್ರೆ ಒಂಬತ್ತರಿಂದ ಹನ್ನೆರಡರವರೆಗೆ ವರ್ಷಕ್ಕೆ 12,000 ರೂಪಾಯಿ ಬರುತ್ತೆ. ಹತ್ತನೇ ಕ್ಲಾಸಿನ ಎನ್‌ಟಿಎಸ್‌ಇ 2021ರಲ್ಲಿ ನಿಂತೇ ಹೋಯ್ತು. 2020ರ ಶಿಕ್ಷಣ ನೀತಿಯಲ್ಲಿ ವಿಶೇಷ ಪ್ರತಿಭೆಯ ಮಕ್ಕಳಿಗೆ ಶಾಲೆ, ಶಾಲಾ ಸಂಕೀರ್ಣ, ಜಿಲ್ಲೆ ಹಂತದಲ್ಲಿ ಗಣಿತ, ವಿಜ್ಞಾನ, ಕಾವ್ಯದ ಕೂಟಗಳಿಗೆ ಪ್ರೋತ್ಸಾಹ ಕೊಡಬೇಕು ಅಂತ ಬರೆದಿದೆ. ಐಐಎಸ್‌ಸಿ ಆವರಣದಲ್ಲೇ ಇರೋ ನಿಯಾಸ್ ಸಂಸ್ಥೆ ಇಂಥ ಮಕ್ಕಳನ್ನ ಗುರುತಿಸೋದರ ಬಗ್ಗೆ ವರ್ಷಗಳಿಂದ ಕೆಲಸ ಮಾಡಿದೆ. ಒಂದು ಪರೀಕ್ಷೆಗಿಂತ ಮೇಷ್ಟ್ರು ದಿನಾ ನೋಡಿ ಗಮನಿಸಿದ್ದಕ್ಕೆ ತೂಕ ಇದೆ, ಮಾರ್ಕ್ಸು ಬರದ ಮಗುವೂ ಪ್ರತಿಭಾವಂತ ಆಗಿರಬಹುದು ಅನ್ನೋದು ಆ ಕ್ಷೇತ್ರದಲ್ಲಿ ಹೊಸ ಮಾತೇನಲ್ಲ. ಆದ್ರೆ ಐದು ತರಗತಿಗೆ ಇಬ್ಬರು ಮೇಷ್ಟ್ರು, ಅದರಲ್ಲಿ ಒಬ್ಬರು ಮೊಟ್ಟೆ ಲೆಕ್ಕ, ಗಣತಿ ಕೆಲಸದಲ್ಲಿ. ಗಮನಿಸೋದು ಯಾವಾಗ? ನಮ್ಮ ಮೇಷ್ಟ್ರ ಮೇಲೆ ನನಗೀಗ ಸಿಟ್ಟಿಲ್ಲ. ಅವತ್ತು ಅವರೊಬ್ಬರೇ ನಲವತ್ತು ಮಕ್ಕಳನ್ನ ಕಾಯ್ತಿದ್ರು.

ಇನ್ನು ನಾವು ಬೆಂಗಳೂರಿನವರು. ಊರಿನ ಶಾಲೆಗೆ ಪೇಂಟ್ ಹೊಡೆಸ್ತೀವಿ, ಬ್ಯಾಗ್ ಹಂಚ್ತೀವಿ, ಫೋಟೋ ತೆಗೆಸ್ಕೋತೀವಿ. ನಾನೂ ಒಂದು ಸ್ಮಾರ್ಟ್ ಟಿವಿ ಕೊಡಿಸಿದ್ದೆ, ಅದು ಬೀರುವಿನಲ್ಲಿ ಭದ್ರವಾಗಿದೆ. ತಿಂಗಳಿಗೆ ಒಂದು ಶನಿವಾರ ಹೋಗಿ ಮಕ್ಕಳ ಜೊತೆ ಒಗಟು ಬಿಡಿಸ್ತಾ ಕೂತರೆ ಯಾರು ಏನು ಕೇಳ್ತಾರೆ ಅನ್ನೋದಾದ್ರೂ ಗೊತ್ತಾಗ್ತಿತ್ತು. ನಾಲ್ಕನೇ ಕ್ಲಾಸಿನ ಮಗುವನ್ನ ಲೆಕ್ಕದ ಪೀರಿಯಡ್ಡಿಗೆ ಮಾತ್ರ ಆರನೇ ಕ್ಲಾಸಲ್ಲಿ ಕೂರಿಸೋಕೆ ಯಾವ ಅನುದಾನವೂ ಬೇಡ. ಜಾಣರನ್ನೆಲ್ಲ ಆರಿಸಿ ಊರಿಂದಾಚೆ ಸಾಗಿಸೋದೊಂದೇ ನಮಗೆ ಗೊತ್ತಿರೋ ಬೆಂಬಲ.

ಹೋದ ಯುಗಾದಿಗೆ ಊರಿಗೆ ಹೋದಾಗ ಅವಳು ಸಿಕ್ಕಳು. ಟೈಲರಿಂಗ್ ಮಾಡ್ತಾಳೆ, ಟೇಪು ಹಿಡಿಯೋ ಮುಂಚೆನೇ ಅಳತೆ ಹೇಳ್ತಾಳಂತೆ. "ಯಾವಾಗ ಬಂದ್ಯಪ್ಪ?" ಅಂತ ಮಾತಾಡಿಸಿ, ಮಗಳ ವಿಷಯಕ್ಕೆ ಬಂದಳು. ನಾಲ್ಕನೇ ಕ್ಲಾಸು, ಸರ್ಕಾರಿ ಶಾಲೆ. "ಲೆಕ್ಕ ಚೆನ್ನಾಗ್ ಮಾಡ್ತಾಳೆ, ಸ್ಟೆಪ್ ಬರಿಯಲ್ಲ ಅಂತ ಮೇಡಂ ಬೈತಾರೆ. ಆ ನವೋದಯದ ಗೈಡು ನಿನ್ ಹತ್ರ ಇನ್ನೂ ಇದ್ಯಾ?" ಅಂದಳು. ಅದು ಹಳೇದಾಯ್ತು, ಪ್ಯಾಟರ್ನ್ ಬದಲಾಗಿದೆ, ಹೊಸದು ಕಳಿಸ್ತೀನಿ ಅಂದೆ.

ಇಷ್ಟೆಲ್ಲ ಬೈದ ಪರೀಕ್ಷೆಗೇ. ಅರ್ಜಿ ಬಿಡೋ ತಿಂಗಳನ್ನ ಫೋನಲ್ಲಿ ರಿಮೈಂಡರ್ ಹಾಕ್ಕೊಂಡಿದ್ದೀನಿ.